ಬೆನ್ನು ಹತ್ತುವ ಪಿಡುಗು ಮತ್ತು ಕಾಲೇಜಿನ ಕರ್ತವ್ಯ

ಬೆಳಗಿನ ಎಂಟೂವರೆ ಗಂಟೆಯ ಹೊತ್ತಿಗೆ ಕಡೂರಿನ ಬಸ್ಸು ನಿಲ್ದಾಣದಲ್ಲಿ ನಿಂತು ನೋಡಿದರೆ ಈ ಸೀಮೆಯ ವಿದ್ಯಾರ್ಥಿ ಜೀವನದ ಸ್ವರೂಪವೆಲ್ಲ ಕಣ್ಣಿಗೆ ಕಟ್ಟುತ್ತದೆ. ಯಗಟಿ, ಪಂಚನಹಳ್ಳಿ, ಸಖರಾಯಪಟ್ಟಣ, ಸಿಂಗಟಗೆರೆಗಳ ಕಡೆಯ ಬಸ್ಸುಗಳು ಒಂದರ ಹಿಂದೊಂದು ಬಂದು ಹುಡುಗ ಹುಡುಗಿಯರನ್ನು ಇಳಿಸಿ ಹೋಗುತ್ತವೆ. ಬೀರೂರು, ತರೀಕೆರೆ, ಅಜ್ಜಂಪುರಗಳ ಕಡೆಯವರಲ್ಲಿ ಹಲವರು ರೈಲನ್ನು ನೆಚ್ಚಿಕೊಂಡವರು. 2023ರ ಜೂನ್ 11ರಂದು ರಾಜ್ಯದಲ್ಲಿ ಮಹಿಳೆಯರಿಗೆ ಉಚಿತ ಬಸ್ಸು ಪ್ರಯಾಣದ ಏರ್ಪಾಡು ಜಾರಿಗೆ ಬಂದ ಮೇಲೆ ಈ ಗುಂಪಿನಲ್ಲಿ ಹುಡುಗಿಯರು ಹೆಚ್ಚಿದಂತೆ ನಮಗೆ ತೋರುತ್ತದೆ. ಇದು ಸಂತೋಷದ ಸಂಗತಿ. ಆದರೆ ಈ ನಿತ್ಯಯಾತ್ರೆಗೆ ಇನ್ನೊಂದು ಲಕ್ಷಣವಿದೆ. ಅದು ಲೋಲಕದ ಚಲನೆಯಂತೆ ಆವರ್ತಕವಾದದ್ದು. ಯಾವ ಹುಡುಗಿ ಯಾವ ಬಸ್ಸಿನಿಂದ ಎಷ್ಟು ಹೊತ್ತಿಗೆ ಇಳಿದು ಯಾವ ರಸ್ತೆಯಲ್ಲಿ ನಡೆಯುವಳೆಂಬುದನ್ನು ಮೂರು ದಿನ ನೋಡಿದವನು ನಾಲ್ಕನೆಯ ದಿನದ್ದನ್ನು ತಪ್ಪಿಲ್ಲದೆ ಹೇಳಬಲ್ಲ. ಊರಿಗೆ ದಿನಕ್ಕೆ ಎರಡೇ ಬಸ್ಸು ಇರುವಾಗ ಅವಳು ಹೊತ್ತನ್ನು ಬದಲಿಸುವುದಾದರೂ ಹೇಗೆ?

ಒಬ್ಬ ವ್ಯಕ್ತಿಯನ್ನು ಆಕೆಯ ಇಚ್ಛೆಗೆ ವಿರೋಧವಾಗಿ ಎಡೆಬಿಡದೆ ಹಿಂಬಾಲಿಸುವುದು, ಕಾದು ನಿಲ್ಲುವುದು, ಬೇಡವೆಂದರೂ ಸಂದೇಶಗಳನ್ನು ಕಳುಹಿಸುವುದು, ಆಕೆಯ ದೂರವಾಣಿ ಮತ್ತು ಅಂತರ್ಜಾಲದ ವ್ಯವಹಾರವನ್ನು ಕದ್ದು ನೋಡುವುದು, ಇವೆಲ್ಲವನ್ನೂ ಕೂಡಿಸಿ 'ಬೆನ್ನು ಹತ್ತುವುದು' ಎಂದು ಇಲ್ಲಿ ಕರೆಯೋಣ. ಇದಕ್ಕೆ ಒಡಹುಟ್ಟಾದುದು ಸಂಬಂಧದೊಳಗಿನ ಹಿಂಸೆ. ಪ್ರೀತಿಸಿದವನೋ, ಗೊತ್ತುಮಾಡಿದ ವರನೋ, ಕೈಹಿಡಿದ ಗಂಡನೋ ನಡೆಸುವ ಹಿಂಸೆ ಅದು. ಪದವಿ ತರಗತಿಯಲ್ಲಿ ಓದುತ್ತಿರುವಾಗಲೇ ಮದುವೆಯಾಗುವ ಹುಡುಗಿಯರು ನಮ್ಮ ಕಡೆ ಅಪರೂಪವಲ್ಲವಾದ್ದರಿಂದ ಈ ಮಾತನ್ನೂ ಸೇರಿಸಬೇಕಾಯಿತು. ಹುಡುಗರೂ ಇಂತಹ ಪೀಡೆಗೆ ಸಿಕ್ಕಿಬೀಳುವುದುಂಟು. ಅವರು ಬಾಯಿ ಬಿಡುವುದು ಇನ್ನೂ ಕಡಮೆ.

ಭೌತಶಾಸ್ತ್ರ ಕಲಿಸುವವರಿಗೆ ಈ ವಿಷಯದಲ್ಲಿ ಏನು ಅಧಿಕಾರ ಎಂದು ಓದುಗರು ಕೇಳಬಹುದು. ಅಧಿಕಾರವೇನೂ ಇಲ್ಲ, ಒಂದು ತಪ್ಪಿನ ನೆನಪು ಮಾತ್ರ ಇದೆ. ಕೆಲವು ವರ್ಷಗಳ ಹಿಂದೆ, ಈ ಭಾಗದ ಒಂದು ಕಾಲೇಜಿನಲ್ಲಿ, ಪ್ರಯೋಗಶಾಲೆಯ ದಾಖಲೆ ಪುಸ್ತಕಕ್ಕೆ ರುಜು ಹಾಕಿಸಿಕೊಳ್ಳಲು ಬಂದ ವಿದ್ಯಾರ್ಥಿನಿಯೊಬ್ಬಳು ರುಜು ಆದ ಮೇಲೂ ನಿಂತೇ ಇದ್ದಳು. (ಗುರುತು ಸಿಗದಂತೆ ಕೆಲವು ವಿವರಗಳನ್ನು ಮಾರ್ಪಡಿಸಿದ್ದೇವೆ.) ಹಿಂದೆ ಸ್ನೇಹವಿದ್ದ ಒಬ್ಬಾತ, ಈಗ ಬೇಡವೆಂದ ಮೇಲೆ, ತಾನು ಎಲ್ಲಿಗೆ ಹೋದರೂ ಅಲ್ಲಿ ಪ್ರತ್ಯಕ್ಷನಾಗುತ್ತಾನೆಂದೂ ಬೀರೂರಿನ ನೆಂಟರ ಮನೆಗೆ ಹೇಳದೆ ಹೋದ ದಿನವೂ ಆ ಬೀದಿಯ ತುದಿಯಲ್ಲಿ ನಿಂತಿದ್ದನೆಂದೂ ಹೇಳಿದಳು. ನಾವು ಮಾಡಿದ್ದೇನು? ನಂಬರು ಬದಲಾಯಿಸಮ್ಮ ಎಂದೆವು. ಆಮೇಲೆ ಒಳ್ಳೆಯದೆಂದೇ ಭಾವಿಸಿ, ಅವಳನ್ನು ಕೇಳದೆ, ಅವಳ ತಂದೆಗೆ ದೂರವಾಣಿ ಮಾಡಿದೆವು. ಮರು ವಾರದಿಂದ ಅವಳು ತರಗತಿಗೆ ಬರಲಿಲ್ಲ. ಆರನೆಯ ಸೆಮಿಸ್ಟರಿನ ಪರೀಕ್ಷೆಯ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಗೈರುಹಾಜರಿಯ ಗುರುತು ಬಿದ್ದಿತ್ತು. ಬೆನ್ನು ಹತ್ತಿದವನು ಎಂದಿನಂತೆ ಬಸ್ಸು ನಿಲ್ದಾಣದಲ್ಲಿಯೇ ಇದ್ದನೆಂದು ಅವಳ ಸಹಪಾಠಿಗಳು ಆಮೇಲೆ ಹೇಳಿದರು.

ನಮ್ಮ ಸೀಮೆಯ ಹುಡುಗಿಯರು ಬಾಯಿ ಬಿಡದಿರುವುದಕ್ಕೆ ಕಾರಣ ಸಂಕೋಚ ಮಾತ್ರವೆಂದು ತಿಳಿಯುವವರು ಈ ಲೆಕ್ಕವನ್ನು ಗಮನಿಸಬೇಕು. ವಿಷಯ ಮನೆಗೆ ತಿಳಿದರೆ ಮೊದಲು ನಿಲ್ಲುವುದು ಅವನ ಓಡಾಟವಲ್ಲ, ಇವಳ ಓದು. ಈ ಲೆಕ್ಕ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಹುಬ್ಬಳ್ಳಿಯ ಎರಡು ಸಂಗತಿಗಳು

2024ರ ಏಪ್ರಿಲ್ 18ರಂದು ಹುಬ್ಬಳ್ಳಿಯ ಬಿ.ವಿ. ಭೂಮರಡ್ಡಿ ಕಾಲೇಜಿನ ಆವರಣದಲ್ಲಿ ಎಂ.ಸಿ.ಎ. ಓದುತ್ತಿದ್ದ ವಿದ್ಯಾರ್ಥಿನಿಯೊಬ್ಬಳನ್ನು ಚೂರಿಯಿಂದ ಇರಿದು ಕೊಲ್ಲಲಾಯಿತು. ಆರೋಪಿಯಾಗಿ ಬಂಧಿತನಾದವನು ಅವಳ ಹಿಂದಿನ ಸಹಪಾಠಿ. ಒಂದು ತಿಂಗಳು ತುಂಬುವುದರೊಳಗೆ, ಮೇ 15ರ ನಸುಕಿನಲ್ಲಿ, ಅದೇ ನಗರದ ವೀರಾಪುರ ಓಣಿಯಲ್ಲಿ ಇಪ್ಪತ್ತರ ವಯಸ್ಸಿನ ಇನ್ನೊಬ್ಬ ತರುಣಿ ತನ್ನ ಮನೆಯಲ್ಲಿಯೇ ಕೊಲೆಯಾದಳು. ಬೆದರಿಕೆಯ ವಿಷಯವನ್ನು ಪೊಲೀಸರಿಗೆ ಮೊದಲೇ ತಿಳಿಸಿದ್ದೆವೆಂದು ಮನೆಯವರು ದೂರಿದರು; ಕರ್ತವ್ಯಲೋಪದ ಆಪಾದನೆಯ ಮೇಲೆ ಠಾಣೆಯ ಅಧಿಕಾರಿಯನ್ನು ಅಮಾನತಿನಲ್ಲಿಡಲಾಯಿತು. ಅದಕ್ಕೆ ಮುಂಚೆ, ಮಾರ್ಚ್ 4ರಂದು, ದಕ್ಷಿಣ ಕನ್ನಡದ ಕಡಬದ ಸರಕಾರಿ ಪದವಿಪೂರ್ವ ಕಾಲೇಜಿನಲ್ಲಿ ಪರೀಕ್ಷೆಗೆ ಕುಳಿತುಕೊಳ್ಳಲಿದ್ದ ಮೂವರು ಹುಡುಗಿಯರ ಮೇಲೆ ಆಮ್ಲ ಎರಚಲಾಗಿತ್ತು. ಅಂದರೆ ಒಂದೇ ಬೇಸಗೆಯಲ್ಲಿ ನಮ್ಮ ನಾಡಿನ ಎರಡು ವಿದ್ಯಾಸಂಸ್ಥೆಗಳ ಆವರಣದೊಳಗೇ ರಕ್ತ ಹರಿಯಿತು, ಚರ್ಮ ಸುಟ್ಟಿತು.

ಹುಬ್ಬಳ್ಳಿಯ ಮೊದಲನೆಯ ಘಟನೆಯನ್ನು ಕುರಿತು ರಾಜಕೀಯ ವೇದಿಕೆಗಳಲ್ಲಿ ನಡೆದ ಗದ್ದಲ ನಮ್ಮ ಓದುಗರಿಗೆ ನೆನಪಿರಬಹುದು. ಆ ಗದ್ದಲದಲ್ಲಿ ಅಧ್ಯಾಪಕರ ಕೋಣೆಯ ಪ್ರಶ್ನೆ ಮುಳುಗಿಹೋಯಿತು. ಇಂತಹ ಹುಡುಗಿ ನಾಳೆ ನಮ್ಮ ಮೇಜಿನ ಮುಂದೆ ಬಂದು ನಿಂತರೆ ನಾವು ಏನು ಮಾಡುವೆವು?

ಇಂತಹ ಕೊಲೆಗಳನ್ನು ಸಿಡಿಲಿನಂತೆ ಆಕಸ್ಮಿಕವೆಂದು ಭಾವಿಸುವುದು ರೂಢಿ. ಅಳತೆ ಮಾಡಿ ನೋಡಿದವರು ಹಾಗೆ ಹೇಳುವುದಿಲ್ಲ. ಅಮೆರಿಕದ ಹಲವು ನಗರಗಳಲ್ಲಿ, ಗಂಡ ಅಥವಾ ಪ್ರಿಯಕರನಿಂದ ಹತರಾದ ಸ್ತ್ರೀಯರ ಪೂರ್ವವೃತ್ತಾಂತವನ್ನು ಸಂಶೋಧಕಿ ಜುಡಿತ್ ಮ್ಯಾಕ್‌ಫಾರ್ಲೇನ್ ಮತ್ತು ಸಂಗಡಿಗರು ಪರಿಶೀಲಿಸಿ 1999ರಲ್ಲಿ ಪ್ರಕಟಿಸಿದರು. ಕೊಲೆಗೆ ಮುಂಚಿನ ಒಂದು ವರ್ಷದಲ್ಲಿ ಅವರಲ್ಲಿ ನೂರಕ್ಕೆ 76 ಮಂದಿಯನ್ನು ಆತ ಬೆನ್ನು ಹತ್ತಿದ್ದನು. ಭೂಕಂಪಕ್ಕೆ ಮುನ್ಸೂಚನೆ ಸಿಗುವುದಿಲ್ಲ. ಇಲ್ಲಿ ವರ್ಷವಿಡೀ ಸೂಚನೆ ಇರುತ್ತದೆ.

ಎರಡನೆಯ ಸೂಚನೆ ಕತ್ತು ಹಿಸುಕುವುದು. ಇದರಲ್ಲಿ ಭೌತಶಾಸ್ತ್ರವೂ ಸ್ವಲ್ಪ ಉಂಟು. ಮಿದುಳಿಗೆ ರಕ್ತವನ್ನು ಒಯ್ಯುವ ಧಮನಿಗಳು ಕತ್ತಿನ ಇಕ್ಕೆಲಗಳಲ್ಲಿ ಚರ್ಮಕ್ಕೆ ಬಹು ಸಮೀಪದಲ್ಲಿವೆ. ಬೆರಳ ತುದಿಯ ಸಣ್ಣ ಕ್ಷೇತ್ರದ ಮೇಲೆ ಸಾಧಾರಣ ಬಲ ಪ್ರಯೋಗವಾದರೂ ಒತ್ತಡ ದೊಡ್ಡದಾಗುತ್ತದೆ. ಆ ಹರಿವು ಪೂರ್ತಿ ನಿಂತರೆ ಸುಮಾರು 10 ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪಬಹುದು. ಆದರೂ ಹೊರಗೆ ಗಾಯ ಕಾಣಲೇಬೇಕೆಂದಿಲ್ಲ. ಅಮೆರಿಕದ ಸ್ಯಾನ್ ಡಿಯಾಗೋ ನಗರದಲ್ಲಿ 300 ಪ್ರಕರಣಗಳನ್ನು ಪರೀಕ್ಷಿಸಿದಾಗ (ಇದು 2001ರಲ್ಲಿ ಪ್ರಕಟವಾಯಿತು) ಅರ್ಧದಷ್ಟರಲ್ಲಿ ಕಣ್ಣಿಗೆ ಕಾಣುವ ಗುರುತೇ ಇರಲಿಲ್ಲ. 2008ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಂತೆ, ಸಂಗಾತಿಯು ಹಿಂದೆ ಒಮ್ಮೆ ಕತ್ತು ಹಿಸುಕಿದ್ದ ಪಕ್ಷದಲ್ಲಿ ಮುಂದೆ ಅವನ ಕೈಯಿಂದಲೇ ಕೊಲೆಯಾಗುವ ಸಂಭವ ಏಳು ಪಟ್ಟು ಹೆಚ್ಚುತ್ತದೆ. ಆದಕಾರಣ 'ಸುಮ್ಮನೆ ಕತ್ತು ಹಿಡಿದನು, ಏನೂ ಆಗಲಿಲ್ಲ' ಎಂಬ ಮಾತು ಕಿವಿಗೆ ಬಿದ್ದರೆ ಅದನ್ನು ಲಘುವಾಗಿ ಎಣಿಸದೆ ಆ ದಿನವೇ ವೈದ್ಯರ ಬಳಿಗೆ ಕರೆದೊಯ್ಯಬೇಕು.

ಮೂರನೆಯದಾಗಿ, ಅಪಾಯವು ಶಿಖರಕ್ಕೇರುವುದು ಸಂಬಂಧ ಮುರಿಯುವ ಕಾಲದಲ್ಲಿ. 'ಬಿಟ್ಟುಬಿಡಬಾರದೇ' ಎಂದು ಉಪದೇಶ ಮಾಡುವವರು ಇದನ್ನು ನೆನಪಿಡಬೇಕು. ಬಿಡುವುದು ಸರಿಯೇ, ಆದರೆ ಬಿಡುವ ದಿನ, ದಾರಿ, ಜೊತೆ ಇವು ಮೊದಲೇ ಗೊತ್ತಾಗಿರಬೇಕು.

ಅವನಿಗೆ ಹೇಗೆ ತಿಳಿಯುತ್ತದೆ?

ಬೀರೂರಿನ ಆ ಬೀದಿಗೆ ಮರಳೋಣ. ಯಾರಿಗೂ ಹೇಳದೆ ಹೋದ ಜಾಗ ಅವನಿಗೆ ತಿಳಿದದ್ದು ಹೇಗೆ? ಕಿಸೆಯಲ್ಲಿರುವ ಮೊಬೈಲು ತಾನಿರುವ ಎಡೆಯನ್ನು ಮೂರು ಬಗೆಯಲ್ಲಿ ಅರಿಯುತ್ತದೆ. ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಸುತ್ತುವ ಜಿ.ಪಿ.ಎಸ್. ಉಪಗ್ರಹಗಳ ರೇಡಿಯೋ ಸಂಕೇತಗಳು ಮೊದಲನೆಯವು. ಕಡೆಯ ಪಕ್ಷ ನಾಲ್ಕು ಉಪಗ್ರಹಗಳಿಂದ ಸಂಕೇತ ಬಂದು ತಲಪಲು ಹಿಡಿದ ಕಾಲವನ್ನು ಗಣಿಸಿ ಫೋನು ತನ್ನ ಸ್ಥಾನವನ್ನು ನಿರ್ಧರಿಸುತ್ತದೆ. ಬೆಳಕು ಸೆಕೆಂಡಿಗೆ 3 ಲಕ್ಷ ಕಿಲೋಮೀಟರು ಸಾಗುವುದರಿಂದ ಗಡಿಯಾರದಲ್ಲಿ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ತಪ್ಪಿದರೂ ಸ್ಥಾನ 300 ಮೀಟರು ತಪ್ಪುತ್ತದೆ. ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತಕ್ಕೆ ಅನುಗುಣವಾಗಿ ಈ ಗಡಿಯಾರಗಳನ್ನು ತಿದ್ದದಿದ್ದರೆ ದಿನಕ್ಕೆ 10 ಕಿಲೋಮೀಟರಿಗೂ ಮೀರಿದ ದೋಷ ಸೇರುತ್ತಿತ್ತು. (ತರಗತಿಯ ಚಾಳಿ, ಪಾಠಕ್ಕೆ ಇಳಿದುಬಿಟ್ಟೆವು.) ಮೊಬೈಲು ಗೋಪುರಗಳೂ ಸುತ್ತಲಿನ ವೈಫೈ ಪೆಟ್ಟಿಗೆಗಳೂ ಉಳಿದೆರಡು ಆಧಾರಗಳು.

ಇದರಲ್ಲಿ ಗಮನಿಸಬೇಕಾದ ಅಂಶ ಒಂದು. ಜಿ.ಪಿ.ಎಸ್. ಉಪಗ್ರಹಕ್ಕೆ ನಾವು ಎಲ್ಲಿದ್ದೇವೆಂಬುದು ಗೊತ್ತಿಲ್ಲ. ಅದು ಆಕಾಶವಾಣಿಯಂತೆ ಪ್ರಸಾರ ಮಾಡುತ್ತದೆ, ಅಷ್ಟೆ. ಸ್ಥಾನವನ್ನು ಬಲ್ಲುದು ಫೋನು. ಹೊರಗೆ ಸಾರುವುದು ಅದರೊಳಗಿನ ಯಾವುದೋ ಖಾತೆ. ಪ್ರೀತಿ ಇದ್ದ ಕಾಲದಲ್ಲಿ ಗುಪ್ತಪದ ಹೇಳಿಕೊಟ್ಟದ್ದು, ಹೊಸ ಫೋನು ಕೊಡಿಸಿ ಖಾತೆಯನ್ನು ಅವನೇ ತೆರೆದುಕೊಟ್ಟದ್ದು, ಭೂಪಟದಲ್ಲಿ 'ನಾನಿರುವ ಜಾಗ'ವನ್ನು ಅವನೊಡನೆ ಹಂಚಿಕೊಂಡು ಮರೆತದ್ದು, ಇಂತಹ ಸರಳ ಕಾರಣಗಳನ್ನೇ ಮೊದಲು ಹುಡುಕಬೇಕು. ನಮ್ಮ ವಿದ್ಯಾರ್ಥಿನಿಗೆ ನಂಬರು ಬದಲಾಯಿಸಲು ಹೇಳಿದ್ದೆವಲ್ಲ. ಖಾತೆ ಹಳೆಯದೇ ಇದ್ದರೆ ನಂಬರು ಬದಲಾದುದರಿಂದ ಕೂದಲಷ್ಟೂ ಪ್ರಯೋಜನವಿಲ್ಲ. ಮನೆಯ ಬೀಗ ಹಾಗೆಯೇ ಇಟ್ಟು ಮನೆಯ ನಂಬರನ್ನು ಮಾತ್ರ ಅಳಿಸಿ ಬರೆದ ಹಾಗೆ.

ಇನ್ನೊಂದು ಬಗೆಯ ಸಾಧನ, ಕಳೆದುಹೋದ ಬೀಗದ ಕೈ ಹುಡುಕಲೆಂದು ತಯಾರಾದ ಬಿಲ್ಲೆ. ಆಪಲ್ ಕಂಪನಿಯ ಏರ್‌ಟ್ಯಾಗ್ 2021ರ ಏಪ್ರಿಲಿನಲ್ಲಿ ಮಾರುಕಟ್ಟೆಗೆ ಬಂತು. ಆ ಜಾತಿಯ ಅಗ್ಗದ ಬಿಲ್ಲೆಗಳು ಈಗ ಬೇಕಾದಷ್ಟಿವೆ. ಇಂತಹ ಬಿಲ್ಲೆಯಲ್ಲಿ ಉಪಗ್ರಹದ ಗ್ರಾಹಕವಿಲ್ಲ. ಅದು ಬ್ಲೂಟೂತ್ ತರಂಗದಲ್ಲಿ ಆಗಾಗ ತನ್ನ ಗುರುತನ್ನು ಕೂಗುತ್ತಿರುತ್ತದೆ. ಪಕ್ಕದಲ್ಲಿ ಹಾದುಹೋಗುವ ಯಾರದೋ ಫೋನು ಆ ಕೂಗನ್ನು ಕೇಳಿಸಿಕೊಂಡು, ತನ್ನ ಯಜಮಾನನಿಗೂ ತಿಳಿಯದಂತೆ, ತಾನಿರುವ ಸ್ಥಾನವನ್ನು ಸೇರಿಸಿ ಕಂಪನಿಯ ಜಾಲಕ್ಕೆ ರವಾನಿಸುತ್ತದೆ. ಗುಂಡಿಯಂತಹ ಒಂದು ವಿದ್ಯುತ್ಕೋಶದಲ್ಲಿ ವರ್ಷದಷ್ಟು ಕಾಲ ನಡೆಯುವ ಈ ಬಿಲ್ಲೆಯನ್ನು ಕೈಚೀಲದ ಹೊಲಿಗೆಯಲ್ಲೋ ಸ್ಕೂಟರಿನ ಆಸನದ ಕೆಳಗೋ ಅಡಗಿಸಿಟ್ಟರೆ, ಬಸ್ಸಿನಲ್ಲಿರುವ ಐವತ್ತು ಮಂದಿಯ ಫೋನುಗಳೂ ಅರಿಯದೆ ಗೂಢಚಾರರಾಗುತ್ತವೆ! ಪ್ರತಿಭಟನೆ ಹೆಚ್ಚಿದ ಮೇಲೆ ಆಪಲ್ ಮತ್ತು ಗೂಗಲ್ ಕೂಡಿ 2024ರ ಮೇ ತಿಂಗಳಿನಿಂದ, ಅಪರಿಚಿತ ಬಿಲ್ಲೆಯೊಂದು ನಮ್ಮೊಡನೆ ಸಂಚರಿಸುತ್ತಿದ್ದರೆ ಎರಡು ಜಾತಿಯ ಫೋನುಗಳಲ್ಲೂ ಎಚ್ಚರಿಕೆ ಬರುವ ಏರ್ಪಾಡನ್ನು ಮಾಡಿವೆ. ನಿಯಮಕ್ಕೆ ಒಳಪಡದ ಬಿಲ್ಲೆಗಳ ವಿಷಯದಲ್ಲಿ ಈ ಎಚ್ಚರಿಕೆಯನ್ನು ನೆಚ್ಚಲಾಗದು. ಕೈಯಿಂದ ತಡವಿ ನೋಡುವುದೇ ಕ್ಷೇಮ.

ಬಿಲ್ಲೆಯನ್ನು ತಗಡಿನ ಡಬ್ಬಿಯಲ್ಲಿ ಮುಚ್ಚಿಟ್ಟರೆ ಸಾಲದೇ ಎಂದು ತರಗತಿಯಲ್ಲೊಬ್ಬ ಕೇಳಿದನು. ಒಳ್ಳೆಯ ಪ್ರಶ್ನೆ. ಫ್ಯಾರಡೆಯ ಪಂಜರದ ತತ್ತ್ವವೇ ಅದು. 2.4 ಗಿಗಾಹರ್ಟ್ಸ್ ತರಂಗದ ಉದ್ದ ಸುಮಾರು 12.5 ಸೆಂಟಿಮೀಟರು, ಮುಚ್ಚಳದ ಸುತ್ತ ಉಳಿಯುವ ಉದ್ದನೆಯ ಸಂದಿಯಿಂದಲೂ ಅದು ಸೋರುತ್ತದೆ. ಪ್ರಯೋಗಶಾಲೆಯಲ್ಲಿ ಬಿಸ್ಕತ್ತಿನ ಡಬ್ಬಿಯೊಳಗೆ ಫೋನಿಟ್ಟು ಕರೆದಾಗ ಒಮ್ಮೆ ಮೌನ, ಒಮ್ಮೆ ಗಂಟೆ. ಆದರೆ ಈ ಉಪಾಯಕ್ಕೆ ಇನ್ನೂ ದೊಡ್ಡ ತೊಡಕಿದೆ. ಬಿಲ್ಲೆ ಇದ್ದಕ್ಕಿದ್ದಂತೆ ಮೂಕವಾದರೆ, ಗುಪ್ತಪದ ಬದಲಾದರೆ, ಅವನಿಗೆ ಆ ಕ್ಷಣವೇ ತಿಳಿಯುತ್ತದೆ. ಹಿಡಿತ ತಪ್ಪಿತೆಂದು ಕೆರಳುವುದೂ ಆಗಲೇ. ಆದ್ದರಿಂದ ಮೊದಲು ಬಿಲ್ಲೆಯ ಮತ್ತು ಅದು ಸಿಕ್ಕಿದ ಜಾಗದ ಚಿತ್ರ ತೆಗೆದು, ಅವನಿಗೆ ನಿಲುಕದ ಬೇರೊಂದು ಫೋನಿನಿಂದ ಸಹಾಯ ಕೇಳಿ, ಆ ರಾತ್ರಿ ಎಲ್ಲಿರುವುದೆಂದು ನಿಶ್ಚಯಿಸಿಕೊಂಡ ಮೇಲೆಯೇ ಅದಕ್ಕೆ ಕೈ ಹಚ್ಚುವುದು ಲೇಸು.

ಸಾಕ್ಷ್ಯದ ಮಾತೂ ಹೀಗೆಯೇ. ಹೊಲಸು ಸಂದೇಶವನ್ನು ಅಳಿಸಿಹಾಕಬೇಕೆನ್ನಿಸುವುದು ಸಹಜ, ಅಳಿಸಬಾರದು. ದಿನ, ಹೊತ್ತು, ಸ್ಥಳ, ಆಗ ಕಂಡವರು ಇವನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು ನಮ್ಮ ಪ್ರಯೋಗ ದಾಖಲೆಯಷ್ಟೇ ಉಪಯುಕ್ತ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ವಿದ್ಯುನ್ಮಾನ ದಾಖಲೆಯೊಡನೆ ಒಂದು ಪ್ರಮಾಣಪತ್ರ ಬೇಕು. ಅದರಲ್ಲಿ ಆ ಕಡತದ 'ಹ್ಯಾಶ್' ಮೌಲ್ಯವನ್ನು ನಮೂದಿಸಬೇಕು. ಹ್ಯಾಶ್ ಎಂದರೆ ಕಡತದ ಬೆರಳಚ್ಚು. ಕಡತ ಎಷ್ಟೇ ದೊಡ್ಡದಿರಲಿ, ಗಣಿತದ ಒಂದು ಕ್ರಮ ಅದನ್ನು ಅರೆದು ನಿಶ್ಚಿತ ಉದ್ದದ ಒಂದು ಸಂಖ್ಯೆಯನ್ನು ಕೊಡುತ್ತದೆ. ಒಂದು ಅಕ್ಷರ, ಒಂದು ಚುಕ್ಕೆ ಬದಲಾದರೂ ಸಂಖ್ಯೆ ಪೂರ್ತಿ ಬೇರೆಯಾಗುತ್ತದೆ. ತಿದ್ದಿಲ್ಲವೆಂದು ಸಾಧಿಸಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಆದುದರಿಂದ ಪರದೆಯ ಚಿತ್ರ ಮಾತ್ರವಲ್ಲದೆ ಮೂಲ ಸಂದೇಶವೂ ಮೂಲ ಫೋನಿನಲ್ಲಿ ಉಳಿದಿರಬೇಕು.

ಕಾನೂನು ಕೊಟ್ಟದ್ದು, ಕಾಲೇಜು ಕೊಡಬೇಕಾದದ್ದು

ಬೆನ್ನು ಹತ್ತುವುದು ನಮ್ಮ ದೇಶದಲ್ಲಿ ಪ್ರತ್ಯೇಕ ಅಪರಾಧವಾದದ್ದು 2013ರಲ್ಲಿ. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 78ನೆಯ ಕಲಮು. ಮೊದಲ ಸಲಕ್ಕೆ ಮೂರು ವರ್ಷದವರೆಗೆ, ಮತ್ತೆ ಮಾಡಿದರೆ ಐದು ವರ್ಷದವರೆಗೆ ಸೆರೆ. ಆದರೆ ಮೊದಲ ಸಲದ ಅಪರಾಧ ಜಾಮೀನಿಗೆ ಅರ್ಹವಾದದ್ದು. ದೂರು ಕೊಟ್ಟ ಸಂಜೆಯೇ ಅವನು ಹೊರಗೆ ಬರಬಹುದೆಂಬುದನ್ನು ಹುಡುಗಿಗೂ ಜೊತೆಯವರಿಗೂ ಮುಚ್ಚುಮರೆಯಿಲ್ಲದೆ ಹೇಳಬೇಕು. ಮದುವೆಯಾದವಳಿಗೆ, ಒಂದೇ ಮನೆಯಲ್ಲಿ ಬಾಳಿದವಳಿಗೆ 2005ರ ಕೌಟುಂಬಿಕ ಹಿಂಸೆಯ ಕಾಯಿದೆಯಿದೆ. ಮ್ಯಾಜಿಸ್ಟ್ರೇಟರು ಅವನು ಯಾವ ರೀತಿಯಲ್ಲೂ ಸಂಪರ್ಕಿಸಕೂಡದೆಂದು ಆಜ್ಞೆ ಮಾಡಬಲ್ಲರು, ಮೀರಿದರೆ ಸೆರೆವಾಸವುಂಟು. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಇದರ ಸಂರಕ್ಷಣಾಧಿಕಾರಿಗಳು. ಬರಿಯ ಸ್ನೇಹದಲ್ಲಿದ್ದು ಜೊತೆಯಾಗಿ ವಾಸಿಸದವರಿಗೆ ಈ ಕಾಯಿದೆಯ ನೆರಳು ಸಾಮಾನ್ಯವಾಗಿ ದೊರೆಯದು. ಇದೊಂದು ದೊಡ್ಡ ಕೊರತೆಯೆಂದು ನಮ್ಮ ಅಭಿಪ್ರಾಯ.

ವಿದ್ಯಾಸಂಸ್ಥೆಗಳಿಗೆ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2015ರ ನಿಯಮಗಳು ಅನ್ವಯಿಸುತ್ತವೆ. ಅವು ರಾಜಪತ್ರದಲ್ಲಿ ಪ್ರಕಟವಾದದ್ದು 2016ರ ಮೇ 2ರಂದು. ಹಿರಿಯ ಅಧ್ಯಾಪಿಕೆಯೊಬ್ಬರ ಅಧ್ಯಕ್ಷತೆಯಲ್ಲಿ ಆಂತರಿಕ ದೂರು ಸಮಿತಿ ಇರಬೇಕು; ಅರ್ಧಕ್ಕೆ ಕಡಮೆಯಿಲ್ಲದಷ್ಟು ಸದಸ್ಯರು ಸ್ತ್ರೀಯರಾಗಿರಬೇಕು; ಹೊರಗಿನವರೊಬ್ಬರು ಇರಬೇಕು; ವಿದ್ಯಾರ್ಥಿಗಳ ವಿಷಯವಾದರೆ ಚುನಾಯಿತ ವಿದ್ಯಾರ್ಥಿ ಪ್ರತಿನಿಧಿಗಳು ಮೂವರು ಕೂಡಬೇಕು. ಸಾಮಾನ್ಯವಾಗಿ ಮೂರು ತಿಂಗಳೊಳಗೆ ದೂರು, 90 ದಿನದೊಳಗೆ ವಿಚಾರಣೆ. ನಡುವೆ ಆರೋಪಿಯನ್ನು ದೂರವಿರಿಸುವ, ದೂರಿತ್ತವಳಿಗೆ ರಜೆ ಕೊಡುವ ಅಧಿಕಾರವೂ ಇದೆ. ಕಾಗದದ ಮೇಲೆ ಇದು ಸೊಗಸಾಗಿದೆ. ಆದರೆ 1987ರಲ್ಲಿ ಹುಟ್ಟಿದ ಕುವೆಂಪು ವಿಶ್ವವಿದ್ಯಾನಿಲಯದ ಶಂಕರಘಟ್ಟದ ಆವರಣ ಬೇರೆ, ಅದಕ್ಕೆ ಸೇರಿದ ನಮ್ಮಂತಹ ತಾಲ್ಲೂಕು ಕೇಂದ್ರಗಳ ಕಾಲೇಜುಗಳು ಬೇರೆ. ಇಲ್ಲಿ ಆವರಣವೆಂಬುದು ಸಂಜೆ ನಾಲ್ಕಕ್ಕೆ ಮುಗಿಯುತ್ತದೆ. ಅಪಾಯ ಆಗ ಆರಂಭವಾಗುತ್ತದೆ. ಸಂಸ್ಥೆಯೇ ಒದಗಿಸಿದ ವಾಹನವನ್ನು ನಿಯಮಗಳು ಆವರಣದ ಭಾಗವೆಂದೇ ಎಣಿಸುತ್ತವೆ. ಸರಕಾರಿ ಬಸ್ಸಿನ ವಿಷಯ ವಾದಕ್ಕೆ ಬಿಟ್ಟದ್ದು. ಬೆನ್ನು ಹತ್ತಿದವನು ಕಾಲೇಜಿಗೆ ಸೇರದವನಾದರೆ 'ನಮಗೆ ಸಂಬಂಧವಿಲ್ಲ' ಎಂದು ಕೈತೊಳೆದುಕೊಳ್ಳುವ ಪದ್ಧತಿಯನ್ನೂ ಕಂಡಿದ್ದೇವೆ. ಆ ಹುಡುಗಿಯಂತೂ ಕಾಲೇಜಿಗೆ ಸೇರಿದವಳೇ ತಾನೆ?

ಸಮಿತಿಯ ಅಧಿಕಾರಕ್ಕೆ ಸಿಲುಕದಿದ್ದರೂ ಕಾಲೇಜು ಮಾಡಬಹುದಾದುದು ಬಹಳವಿದೆ, ಅದಕ್ಕೆ ಹಣವೂ ಬೇಡ. ಪ್ರಯೋಗದ ತಂಡವನ್ನು ಬೆಳಗಿನ ಹೊತ್ತಿಗೆ ಬದಲಿಸಬಹುದು. ಹಾಜರಾತಿಯ ಕೊರತೆಯನ್ನು ಮನ್ನಿಸಲು ಶಿಫಾರಸು ಮಾಡಬಹುದು. ವೇಳಾಪಟ್ಟಿಯನ್ನಾಗಲಿ ವಿಳಾಸವನ್ನಾಗಲಿ ದೂರವಾಣಿಯಲ್ಲಿ 'ಅಣ್ಣ ಮಾತಾಡುತ್ತಿದ್ದೇನೆ' ಎಂದವನಿಗೆ ಹೇಳಕೂಡದೆಂದು ಕಚೇರಿಯವರಿಗೆ ತಿಳಿಸಬಹುದು. ಅವನ ಚಹರೆಯನ್ನು ಕಾವಲುಗಾರನಿಗೆ ತೋರಿಸಿರಬಹುದು.

ಎಲ್ಲಕ್ಕಿಂತ ಮೊದಲು ಕೇಳಿಸಿಕೊಳ್ಳಬೇಕು. ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಆರೋಗ್ಯ ಕಾರ್ಯಕರ್ತರಿಗಾಗಿ ಪ್ರಕಟಿಸಿದ ಕೈಪಿಡಿಯಲ್ಲಿ ಇದೇ ಮೊದಲ ಹೆಜ್ಜೆ: ಆಲಿಸು, ಅಗತ್ಯವೇನೆಂದು ವಿಚಾರಿಸು, ನಂಬಿದ್ದೇನೆಂದು ತಿಳಿಸು, ಸುರಕ್ಷತೆ ಹೆಚ್ಚಿಸು, ಬೆಂಬಲಕ್ಕೆ ಜೋಡಿಸು. ಮಾತು ತುಂಡುತುಂಡಾಗಿ ಬಂದರೆ, ಮೊದಲಿನದು ಕೊನೆಗೆ ಬಂದರೆ ಸುಳ್ಳೆಂದು ಶಂಕಿಸಬಾರದು. ತೀವ್ರ ಭಯದಲ್ಲಿ ಮಿದುಳು ಘಟನೆಗಳನ್ನು ಸಾಲಾಗಿ ಜೋಡಿಸಿಡುವುದಿಲ್ಲ. 'ನೀನೇಕೆ ಅವನೊಡನೆ ಮಾತಾಡಿದೆ' ಎಂಬ ಒಂದು ಪ್ರಶ್ನೆಯಿಂದ ಬಾಗಿಲು ಮುಚ್ಚಿಬಿಡುತ್ತದೆ. ಮುಂದಿನ ಹೆಜ್ಜೆ ಯಾವುದೆಂದು ಅವಳೇ ಹೇಳಲಿ. ಮನೆಗೆ ತಿಳಿಸುವುದಾದರೆ ಯಾರಿಗೆ, ತಾಯಿಗೋ ಸೋದರಮಾವನಿಗೋ, ಅದನ್ನೂ ಅವಳೇ ಆರಿಸಲಿ. ಪ್ರಾಣಕ್ಕೆ ಅಪಾಯ ಎದುರಿಗೇ ನಿಂತಿರುವಾಗ ಮಾತ್ರ ಕಾಯುವಂತಿಲ್ಲ; 112ಕ್ಕೆ ಕರೆ ಮಾಡಲೇಬೇಕು. ಉಳಿದಂತೆ ಸ್ತ್ರೀಯರ ಸಹಾಯವಾಣಿ 181, ಅಂತರ್ಜಾಲದ ಅಪರಾಧಗಳಿಗೆ 1930, ಮನಸ್ಸಿನ ಕ್ಲೇಶಕ್ಕೆ ಟೆಲಿ-ಮಾನಸ್ 14416, ಕಾನೂನಿನ ನೆರವಿಗೆ 15100. ಸ್ತ್ರೀಯರಿಗೆ ಆದಾಯ ಎಷ್ಟೇ ಇದ್ದರೂ ಕಾನೂನಿನ ನೆರವು ಉಚಿತವೆಂಬುದು ಬಹುಮಂದಿಗೆ ತಿಳಿಯದು. ಯಾವ ಠಾಣೆಯ ವ್ಯಾಪ್ತಿಯಲ್ಲಿ ನಡೆದದ್ದೆಂಬ ತಕರಾರಿಲ್ಲದೆ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಬೀರೂರಿನಲ್ಲಿ ನಡೆದುದನ್ನು ತರೀಕೆರೆಯಲ್ಲಿ ಹೇಳಿದರೂ ಬರೆದುಕೊಳ್ಳಲೇಬೇಕು.

ಕಳೆದ ವರ್ಷ ಇನ್ನೊಬ್ಬ ವಿದ್ಯಾರ್ಥಿನಿ ಬಂದಳು. ಈ ಸಲ ನಾವು ಫೋನಿಗೆ ಕೈ ಹಾಕಲಿಲ್ಲ. ಕುರ್ಚಿ ಎಳೆದು ಕುಳಿತೆವು. ಪಕ್ಕದ ಕೋಣೆಯಿಂದ ಸಹೋದ್ಯೋಗಿ ಅಧ್ಯಾಪಿಕೆಯೊಬ್ಬರನ್ನು ಕರೆಯಬಹುದೇ ಎಂದು ಕೇಳಿದೆವು. ಸ್ವಲ್ಪ ಯೋಚಿಸಿ ಆಗಬಹುದೆಂದಳು. ಸಂಜೆಯವರೆಗೆ ಕುಳಿತು ಖಾತೆಗಳನ್ನು ಒಂದೊಂದಾಗಿ ನೋಡಿದಾಗ ಹಳೆಯ ಭೂಪಟದ ಹಂಚಿಕೆಯೊಂದು ತೆರೆದೇ ಇರುವುದು ಕಂಡಿತು. ಅದನ್ನು ಅಂದು ಮುಚ್ಚಲಿಲ್ಲ. ಎರಡು ದಿನ ಬಿಟ್ಟು, ದೂರು ಬರೆದಾದ ಮೇಲೆ, ಅವಳು ಚಿಕ್ಕಮ್ಮನ ಮನೆ ಸೇರಿದ ಮೇಲೆ, ಅವಳೇ ಮುಚ್ಚಿದಳು. ಪ್ರಾಯೋಗಿಕ ಪರೀಕ್ಷೆಯ ದಿನ ಗರಿಷ್ಠ ಅಂಕವೇನೂ ಬರಲಿಲ್ಲ. ಸ್ಪೆಕ್ಟ್ರೋಮೀಟರಿನ ಓದಿನಲ್ಲಿ ಎಂದಿನ ತಪ್ಪನ್ನೇ ಮಾಡಿದ್ದಳು. ಐದು ಗಂಟೆಗೆ ತರಗತಿಯ ಇಬ್ಬರು ಹುಡುಗಿಯರೂ ಒಬ್ಬ ಹುಡುಗನೂ ಅವಳೊಡನೆ ರೈಲು ನಿಲ್ದಾಣದ ಕಡೆಗೆ ನಡೆದರು. ಆ ತಿಂಗಳು ಸರದಿ ಯಾರದೆಂಬುದನ್ನು ಅವರೇ ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದರು.